ಇಶಿಮುರಾ ಹಡಗನ್ನು ಒಂದೇ ಕಟ್ಟರ್ ಹಿಡಿದು ದಾಟಿದೆ

ಕಳೆದ ಮಳೆಗಾಲದಲ್ಲಿ, ಹೊಸನಗರದ ಹತ್ತಿರದ ನಮ್ಮ ಮನೆಯಲ್ಲಿ ಕುಳಿತು, ‘ಡೆಡ್ ಸ್ಪೇಸ್’ ಎಂಬ ಕಂಪ್ಯೂಟರ್ ಆಟದ 2008ರ ಆವೃತ್ತಿಯನ್ನು, ಅತಿ ಕಷ್ಟದ ಇಂಪಾಸಿಬಲ್ ಮಟ್ಟದಲ್ಲಿ, ಪ್ಲಾಸ್ಮಾ ಕಟ್ಟರ್ ಎಂಬ ಆಯುಧ ಒಂದರಿಂದಲೇ ಮುಗಿಸಿದೆ. ಹನ್ನೆರಡು ಅಧ್ಯಾಯಗಳಲ್ಲಿ ಬೇರೆ ಆಯುಧವನ್ನು ಮುಟ್ಟಲಿಲ್ಲ. “ಐದನೇ ಅಧ್ಯಾಯ ದಾಟುವುದರೊಳಗೆ ಗುಂಡು ಖಾಲಿಯಾಗುತ್ತದೆ, ಬರೆದಿಟ್ಟುಕೊ” ಎಂದು ಶಿವಮೊಗ್ಗದ ಭಾವ ಹೇಳಿದ್ದರು. ದುರ್ಗಿಗುಡಿಯ ಅವರ ಗೆಳೆಯರೆಲ್ಲ ಅದಕ್ಕೆ ತಲೆಯಾಡಿಸಿದ್ದರು. ಆ ಮಾತಿಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ಆಟ ಗೊತ್ತಿದ್ದವರಿಗಷ್ಟೇ ಇದು. ಐಸಾಕ್ ಎಂದರೆ ಇಶಿಮುರಾ ಎಂಬ ಬಾಹ್ಯಾಕಾಶ ಹಡಗಿನಲ್ಲಿ ಸಿಕ್ಕಿಬಿದ್ದ ನಾಯಕ, ನೆಕ್ರೋಮಾರ್ಫ್ ಎಂದರೆ ಕೈಕಾಲು ತುಂಡರಿಸಿಯೇ ಕೊಲ್ಲಬೇಕಾದ ವಿಕಾರ ಜೀವಿ; ಅದಕ್ಕಿಂತ ಹೆಚ್ಚು ವಿವರಿಸುತ್ತಾ ಕೂರುವುದಿಲ್ಲ.

ಮೊದಲು ಖರ್ಚಿನ ವಿಚಾರ. ಆಸೆ ಇದ್ದದ್ದು 2023ರ ಹೊಸ ಆವೃತ್ತಿಯ ಮೇಲೆ. ಅದಕ್ಕೆ ಕಡಿಮೆಯೆಂದರೂ ಜಿಟಿಎಕ್ಸ್ 1070 ಮಟ್ಟದ ಗ್ರಾಫಿಕ್ಸ್ ಕಾರ್ಡ್ ಬೇಕು. ನನ್ನ ಬಳಿ ಇದ್ದದ್ದು ಯಾರೋ ಬಳಸಿ ಮಾರಿದ 750 ಟಿಐ, ಮೂರೂವರೆ ಸಾವಿರದ ಆಸುಪಾಸಿನದು. ಆ ವರ್ಷ ಕೊಳೆ ರೋಗ ಬಂದು ಅರ್ಧ ಅಡಿಕೆ ಮರದ ಬುಡಕ್ಕೆ ಉದುರಿತ್ತು. ಅಪ್ಪಯ್ಯನ ಹತ್ತಿರ ಕಾರ್ಡಿಗೆ ದುಡ್ಡು ಕೇಳಲು ಮನಸ್ಸು ಬರಲಿಲ್ಲ. ಹಳೆಯ ಆಟ ರಿಯಾಯಿತಿಯಲ್ಲಿ ಇನ್ನೂರು ರೂಪಾಯಿಯೊಳಗೆ ಸಿಕ್ಕಿತು. ದುಡ್ಡು ತಿಂದದ್ದು ಯುಪಿಎಸ್. ಅದಕ್ಕೆ 2,800 ಕೊಟ್ಟೆ. ತಿಂಗಳು ತುಂಬುವುದರೊಳಗೆ ಬ್ಯಾಟರಿ ಕೈಕೊಟ್ಟಿತು, ಮತ್ತೆ 900 ಹೋಯಿತು.

ಯುಪಿಎಸ್ ಇಲ್ಲದೆ ಮಲೆನಾಡಿನಲ್ಲಿ ಈ ಆಟ ಆಡಬಾರದು. ಐಸಾಕ್ ಸತ್ತರೆ ಸ್ವಲ್ಪ ಹಿಂದಿನಿಂದ ಮತ್ತೆ ಶುರುವಾಗುತ್ತದೆ, ಸರಿ. ಆದರೆ ಕಂಪ್ಯೂಟರೇ ಆರಿಹೋದರೆ, ಗೋಡೆಯ ಸೇವ್ ಸ್ಟೇಷನ್ನಿನಲ್ಲಿ ಕೊನೆಯ ಸಲ ಉಳಿಸಿದ್ದು ಮಾತ್ರ ನಮ್ಮದು. ಜುಲೈಯಲ್ಲಿ ತಂತಿಯ ಮೇಲೆ ಮರ ಬಿದ್ದರೆ ಮೂರು ದಿನ ಕತ್ತಲೆ. ಆರನೇ ಅಧ್ಯಾಯದ ದೈತ್ಯ ಲೆವಿಯಾಥನ್ನನ್ನು ನಾನು ನಾಲ್ಕು ಸಲ ಕೊಂದಿದ್ದೇನೆ. ಮೊದಲ ಎರಡು ಸಲ ಕೊಂದದ್ದು ಕರೆಂಟಿನ ಜೊತೆಗೇ ಹೋಯಿತು.

ಇನ್ನು ಗುಂಡಿನ ಲೆಕ್ಕ. ನಮ್ಮ ಬಳಿ ಯಾವ ಆಯುಧ ಇದೆಯೋ ಅದರ ಗುಂಡನ್ನೇ ಈ ಆಟ ಉದುರಿಸುತ್ತದೆ. ನಾಲ್ಕು ಆಯುಧ ಹೊತ್ತರೆ ಸಿಗುವುದು ನಾಲ್ಕಕ್ಕೂ ಹಂಚಿಹೋಗುತ್ತದೆ. ಒಂದೇ ಇದ್ದರೆ ಸಿಕ್ಕಿದ್ದೆಲ್ಲ ಪ್ಲಾಸ್ಮಾ. ಭಾವ ತಪ್ಪಿದ್ದು ಇಲ್ಲೇ. ಅವರು ಪಲ್ಸ್ ರೈಫಲ್, ರಿಪ್ಪರ್ ಎಲ್ಲ ಹೊತ್ತುಕೊಂಡು ‘ಗುಂಡು ಸಾಲದು’ ಎನ್ನುತ್ತಿದ್ದರು.

ಹಾಗೆಂದು ನನಗೂ ಮೊದಲ ಸಲಕ್ಕೆ ದಕ್ಕಲಿಲ್ಲ. ಪವರ್ ನೋಡ್‌ಗಳನ್ನು ಬೀಗ ಹಾಕಿದ ಕೋಣೆಗಳ ಬಾಗಿಲಿಗೆ ಸುರಿದುಬಿಟ್ಟೆ, ಆರೋ ಏಳೋ. ಆಯುಧ, ಸೂಟುಗಳ ಬಲ ಹೆಚ್ಚಿಸುವುದೂ ಅವೇ ನೋಡ್. ಆಟದೊಳಗಿನ ಅಂಗಡಿಯಲ್ಲಿ ನೋಡ್ ಒಂದಕ್ಕೆ 10,000 ಕ್ರೆಡಿಟ್. ಏಳನೇ ಅಧ್ಯಾಯಕ್ಕೆ ಬಂದಾಗ ಕಟ್ಟರ್ ಇನ್ನೂ ಎಳೆಯದು, ಒಂದೊಂದು ಕಾಲು ತುಂಡರಿಸಲೂ ಒದ್ದಾಟ. ಅಲ್ಲಿಗೆ ಬಿಟ್ಟು ಮೊದಲಿಂದ ಶುರುಮಾಡಿದೆ. ಎರಡನೇ ಸಲ ಮೊದಲ ನೋಡ್‌ಗಳೆಲ್ಲ ಕಟ್ಟರಿನ ಡ್ಯಾಮೇಜಿಗೆ, ಆಮೇಲೆ ಸೂಟಿಗೆ. ಕೋಣೆಗಳಲ್ಲಿ ಮೂರನ್ನು ಮಾತ್ರ ತೆರೆದೆ. ಯಾವ ಮೂರು ಎಂದು ಹೇಳುವುದಿಲ್ಲ. ಎರಡು ತಿಂಗಳು ಸತ್ತು ಸತ್ತು ಕಂಡುಕೊಂಡದ್ದು ಅದು.

ಕೈಗಳೇ ಕತ್ತಿಯಾದ ಸ್ಲಾಷರ್ ಎಂಬ ನೆಕ್ರೋಮಾರ್ಫ್ ಎದುರು ಬಂದಾಗ ಕಟ್ಟರನ್ನು ಅಡ್ಡಕ್ಕೆ ತಿರುಗಿಸಿ ಮಂಡಿಯ ಕೆಳಗೆ ಎರಡು ಏಟು. ಅದು ಮುಗ್ಗರಿಸಿ ಬೀಳುತ್ತದೆ, ಕೈಗಳ ಕತ್ತಿಯನ್ನು ನೆಲಕ್ಕೆ ಊರಿ ತೆವಳುತ್ತಾ ಬರುತ್ತದೆ. ಆಗ ಒಂದು ಹೆಜ್ಜೆ ಹಿಂದೆ ಸರಿದು, ಕಟ್ಟರನ್ನು ಲಂಬವಾಗಿ ತಿರುಗಿಸಿ ಭುಜಕ್ಕೆ ಕೊಡಬೇಕು. ತಲೆಗೆ ಹೊಡೆಯುವ ಚಟ ಬಿಡದವರು ಈ ಆಟಕ್ಕೆ ಕೈಹಾಕಬಾರದು. ಒಂಬತ್ತನೇ ಅಧ್ಯಾಯದ ಮಿಂಚಿನಂತೆ ಓಡುವ ಟ್ವಿಚರ್‌ಗಳಿಗೆ ಎದುರಿನದನ್ನು ನಿಧಾನಗೊಳಿಸುವ ಸ್ಟ್ಯಾಸಿಸ್ ಇಲ್ಲದೆ ಗುರಿ ಸಿಗುವುದೇ ಇಲ್ಲ. ಕಟ್ಟರಿಗೆ ನಿಜವಾಗಿ ಕಷ್ಟವಾಗುವುದು ಮೈಗೆ ಹತ್ತುವ ಸಣ್ಣ ಹುಳುಗಳ ಹಿಂಡು. ಅದಕ್ಕೆ ನನ್ನದೊಂದು ಉಪಾಯ ಇದೆ, ಅದೂ ನನ್ನಲ್ಲೇ ಇರಲಿ.

ಮೌಸ್ ಜೇನಿನಲ್ಲಿ ಅದ್ದಿದಂತೆ ಎಳೆಯುವುದು ಪಿಸಿಯಲ್ಲಿ ಆಡಿದವರಿಗೆಲ್ಲ ಗೊತ್ತು. ಚಿತ್ರವನ್ನು ಪರದೆಯ ವೇಗಕ್ಕೆ ಹೊಂದಿಸುವ ವಿ-ಸಿಂಕ್ ಆಯ್ಕೆಯನ್ನು ಆಟದೊಳಗೆ ಆರಿಸಿ, ಕಾರ್ಡಿನ ಸೆಟ್ಟಿಂಗಿನಲ್ಲಿ ಹಾಕಿದ ಮೇಲೆ ಕೈಗೆ ಬಂತು. ಆದರೆ ನಾಲ್ಕನೇ ಅಧ್ಯಾಯದ ಉಲ್ಕೆ ಒಡೆಯುವ ಫಿರಂಗಿಗೆ ಮದ್ದಿಲ್ಲ. ಅಲ್ಲಿಯವರೆಗೆ ತಾಳ್ಮೆ, ಉಳಿತಾಯ ಎಲ್ಲ ಕಲಿಸಿದ ಆಟ ಅಲ್ಲಿ ಅದಾವುದನ್ನೂ ಕೇಳುವುದಿಲ್ಲ. ಬರುವ ಉಲ್ಕೆಗಳಿಗೆ ಹೊಡೆಯುತ್ತಾ ಹಡಗಿನ ಮೈ ಕರಗುವುದನ್ನು ನೋಡಬೇಕು. ಹದಿನೈದು ಸಲವಾದರೂ ಸತ್ತಿರಬೇಕು. ಇಷ್ಟು ಚೆನ್ನಾದ ಆಟದಲ್ಲಿ ಅಂಥದ್ದೊಂದನ್ನು ಯಾಕೆ ಇಟ್ಟರೋ, ಇವತ್ತಿಗೂ ಸಿಟ್ಟು ಬರುತ್ತದೆ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಎಕ್ಸ್‌ಪ್ಲೋಡರ್‌ನ ತೋಳಿನಲ್ಲಿರುವ, ಸಿಡಿಯುವ ಹಳದಿ ಗಂಟಿಗೆ ತಾಗದಂತೆ ತೋಳನ್ನು ಮಾತ್ರ ಕತ್ತರಿಸಿ, ಬಿದ್ದ ಗಂಟನ್ನು, ವಸ್ತುಗಳನ್ನು ದೂರದಿಂದಲೇ ಎಳೆದು ಎಸೆಯುವ ಕೈನೆಸಿಸ್‌ನಿಂದ ಎತ್ತಿ ಎಸೆಯುವುದು. ಹತ್ತರಲ್ಲಿ ನಾಲ್ಕು ಸಲ ಕೂಡಿಬಂತು, ಉಳಿದ ಆರು ಸಲ ನಾನೇ ಸಿಡಿದೆ. ಗುಂಡು ಉಳಿಸಲು ಅದನ್ನು ನೆಚ್ಚಬೇಡಿ.

ಶಬ್ದಕ್ಕೂ ಖರ್ಚಾಯಿತು. ಗಾಳಿಯ ಕೊಳವೆಯಲ್ಲಿ ಏನೋ ಸರಿದಾಡುವ ಸದ್ದೇ ಈ ಆಟದಲ್ಲಿ ಮುನ್ಸೂಚನೆ, ಆದರೆ ನಮ್ಮ ತಗಡಿನ ಮಾಡಿನ ಮೇಲೆ ಮಳೆ ಶುರುವಾದರೆ ಪಕ್ಕದವರ ಮಾತೂ ಕೇಳಿಸದು. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನಿಗೆ ಸಾವಿರದ ಚಿಲ್ಲರೆ ಕೊಟ್ಟೆ. ಕೊಟ್ಟದ್ದಕ್ಕೆ ಬೇಸರವಿಲ್ಲ. ಹಡಗಿನ ಹೊರಮೈಗೆ, ಗಾಳಿಯೇ ಇಲ್ಲದ ಜಾಗಕ್ಕೆ ಕಾಲಿಟ್ಟಾಗ ಎಲ್ಲ ಸದ್ದು ಅಡಗಿ ಐಸಾಕ್‌ನ ಉಸಿರು ಮಾತ್ರ ಉಳಿಯುತ್ತದೆ. ಪ್ರಾಣ ಎಷ್ಟಿದೆ ಎಂಬುದು ಅವನ ಬೆನ್ನುಮೂಳೆಯ ನೀಲಿ ಗೆರೆಯಲ್ಲೇ ಕಾಣುವುದರಿಂದ ಪರದೆಯ ಮೇಲೆ ಅದಕ್ಕೆ ಬೇರೆ ಅಂಕಿಗಳಿಲ್ಲ. ಆ ಹೊತ್ತಿಗೆ ಅಮ್ಮ ಊಟಕ್ಕೆ ಕರೆಯಲು ಬಂದು ಭುಜ ಮುಟ್ಟಿದಾಗ ಕುರ್ಚಿಯಿಂದ ಎದ್ದುಬಿಟ್ಟಿದ್ದೆ.

ಪ್ಲಾಸ್ಮಾ ಕಟ್ಟರ್ ಒಂದರಲ್ಲೇ ಮುಗಿಸಿದರೆ ಕನ್ಸೋಲಿನಲ್ಲಿ ಪದಕ ಕೊಡುತ್ತಾರೆ. ನಾನು ಆಡಿದ ಪಿಸಿ ಆವೃತ್ತಿಯಲ್ಲಿ ಅದಿಲ್ಲ. ಹಾಗಾಗಿ ಗಣೇಶ ಹಬ್ಬಕ್ಕೆ ಭಾವ ಬಂದಾಗ ಹನ್ನೆರಡನೇ ಅಧ್ಯಾಯದ ಸೇವ್ ತೆರೆದು ತೋರಿಸಿದೆ. ಆಯುಧದ ನಾಲ್ಕು ಜಾಗಗಳಲ್ಲಿ ಮೂರು ಖಾಲಿ. ಭಾವ ಪರದೆಗೆ ಮುಖ ಹತ್ತಿರ ತಂದು ಗುಂಡಿನ ಲೆಕ್ಕ ನೋಡಿದರು. ನೂರಿಪ್ಪತ್ತರ ಮೇಲಿತ್ತು.

“ಆ ಮೂರು ಬಾಗಿಲು ಯಾವುದು ಹೇಳು” ಎಂದರು. ಹೇಳಲಿಲ್ಲ.