ಆರ್ಗ್ ಮೋಡ್‌ನ್ಯಾಗ ಬರ್ದಿಟ್ಟ ಕೆಲಸ ಅಜೆಂಡಾದಾಗ ಕಾಣವಲ್ದಾ? ಹಿಂಗ ಹುಡುಕ್ರಿ

ನಮ್ದು ತಿಕೋಟಾ ಕಡೆ ದ್ರಾಕ್ಷಿ ತೋಟ. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸೋದು) ಆತಂದ್ರ ಅಲ್ಲಿಂದ ದಿನಾ ಎಣಿಸ್ಕೋತ ಹೋಗಬೇಕು, ಎಷ್ಟನೇ ದಿನಕ್ಕ ಯಾವ ಎಣ್ಣಿ (ಔಷಧ) ಹೊಡಿಬೇಕು, ಜಿಎ (ಜಿಬ್ಬರೆಲಿಕ್ ಆಸಿಡ್, ಬೆಳವಣಿಗಿ ಔಷಧ) ಯಾವಾಗ, ನೀರು ಯಾವಾಗ ಕಡಿಮಿ ಮಾಡಬೇಕು ಅಂತ. ನಮ್ಮಪ್ಪ ಇದನ್ನೆಲ್ಲಾ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್‌ದಾಗ ಪೆನ್ನಿಲೆ ಬರಿತಿದ್ರು, ನಾನು ಈಮ್ಯಾಕ್ಸ್ ಅನ್ನೋ ಟೆಕ್ಸ್ಟ್ ಎಡಿಟರ್‌ನ ಆರ್ಗ್ ಮೋಡ್‌ನ್ಯಾಗ ಬರಿತೀನಿ. ಹೋದ ವರ್ಷ ಒಂದು ಸ್ಪ್ರೇ ಫೈಲ್‌ನ್ಯಾಗ ಬರ್ದಿತ್ತು ಆದ್ರ ಅಜೆಂಡಾದಾಗ (ಎಲ್ಲಾ ಫೈಲಿನ ತಾರೀಖಿನ ಕೆಲಸ ಒಂದೇ ಕಡೆ ತೋರ್ಸೋ ಪಟ್ಟಿ) ಬರಲೇ ಇಲ್ಲ, ಎರಡು ದಿನ ತಡಾ ಆತು, ಮೋಡ ಮುಚ್ಚಿದ ಹವಾದಾಗ ದಾವಣಿ ರೋಗಕ್ಕ ಎರಡು ದಿನ ಅಂದ್ರ ಭಾಳ ಆತು. ಅವಾಗಿಂದ ಒಂದೊಂದೇ ಕಾರಣ ಹುಡುಕಿ ಬರ್ದಿಟ್ಕೊಂಡೀನಿ, ನಿಮಗೂ ಉಪಯೋಗ ಆಗ್ಲಿ.

ಗೊತ್ತಿಲ್ದವರಿಗೆ ಜರಾ ಹೇಳ್ತೀನಿ. ಆರ್ಗ್ ಮೋಡ್ ಅಂದ್ರ ಸಾದಾ ಟೆಕ್ಸ್ಟ್ ಫೈಲ್‌ನ್ಯಾಗ ನೋಟ್ಸು, ಮಾಡೋ ಕೆಲಸ, ತಾರೀಖು ಎಲ್ಲಾ ಇಡೋ ವ್ಯವಸ್ಥೆ. 2003ರಾಗ ಕಾರ್ಸ್ಟನ್ ಡೊಮಿನಿಕ್ ಅನ್ನೋ ಖಗೋಳ ವಿಜ್ಞಾನಿ ತಮ್ಮ ನೋಟ್ಸ್ ಸಲುವಾಗಿ ಶುರು ಮಾಡಿದ್ದು, ಈಗ ಈಮ್ಯಾಕ್ಸ್ ಜೋಡಿನೇ ಬರ್ತೈತಿ, ಪೂರಾ ಫ್ರೀ. ಇಲ್ಲಿ ನಾನು ಕಮಾಂಡ್ ಹೆಸರು ಕನ್ನಡದಾಗ ಬರ್ದೀನಿ, ಟೈಪ್ ಮಾಡೋವಾಗ ಇಂಗ್ಲಿಷ್ ಅಕ್ಷರದಾಗ ಹಾಕ್ರಿ.

ಮೊದಲು ನೋಡೋದು, ನಿಮ್ಮ ಫೈಲು ಅಜೆಂಡಾ ಲಿಸ್ಟ್‌ನ್ಯಾಗ ಐತೋ ಇಲ್ಲೋ. ಕಂಟ್ರೋಲ್-ಎಚ್ ವಿ ಒತ್ತಿ ಆರ್ಗ್-ಅಜೆಂಡಾ-ಫೈಲ್ಸ್ ಅಂತ ಕೇಳ್ರಿ, ಲಿಸ್ಟ್ ತೋರಸ್ತೈತಿ. ಅಲ್ಲಿ ಫೋಲ್ಡರ್ ಹೆಸರು ಕೊಟ್ಟಿದ್ರ ಆ ಫೋಲ್ಡರ್‌ನ್ಯಾಗಿನ ಫೈಲ್ ಅಷ್ಟೇ ತಗೋತೈತಿ, ಒಳಗಿನ ಸಬ್‌ಫೋಲ್ಡರ್‌ಗೆ ಇಳಿಯಂಗಿಲ್ಲ, ಭಾಳ ಮಂದಿ ಇಲ್ಲೇ ಸಿಕ್ಕೊಂಡಿರ್ತಾರ. ಇನ್ನೊಂದು, ಕೆಲವರು ಕಂಟ್ರೋಲ್-ಸಿ ಆಮೇಲೆ [ ಒತ್ತಿ ಫೈಲ್ ಸೇರಿಸ್ತಾರ, ಮತ್ತ ಇನಿಟ್ (ಈಮ್ಯಾಕ್ಸ್ ಶುರು ಆಗೋವಾಗ ಓದೋ ಸೆಟ್ಟಿಂಗ್) ಫೈಲ್‌ನ್ಯಾಗ ಕೈಯಿಂದನೂ ಅದೇ ಲಿಸ್ಟ್ ಬರ್ದಿರ್ತಾರ, ಈಮ್ಯಾಕ್ಸ್ ಬಂದ್ ಮಾಡಿ ಮತ್ತ ತಗದ್ರ ಯಾವುದು ಕಡೀಕ ಓದ್ತೈತೋ ಅದೇ ಉಳಿತೈತಿ. ಎರಡರಾಗ ಒಂದೇ ಇಟ್ಕೋರಿ.

ಲಿಸ್ಟ್ ಸರಿ ಇದ್ರೂ ಒಂದೇ ಫೈಲಿಂದು ಅಷ್ಟೇ ಕಾಣ್ತಿದ್ರ, ಎಂದೋ ಅಜೆಂಡಾಕ್ಕ ಒಂದು ಫೈಲಿನ ಗಡಿ ಹಾಕಿ ಮರ್ತಿರ್ತೀರಿ. ಕಂಟ್ರೋಲ್-ಸಿ ಕಂಟ್ರೋಲ್-ಎಕ್ಸ್ > ಒತ್ತಿದ್ರ ಗಡಿ ಹೋಗ್ತೈತಿ. ಅಜೆಂಡಾ ಒಳಗ ಫಿಲ್ಟರ್ ಉಳ್ದಿದ್ರ | ಒತ್ರಿ.

ಇನ್ನ ಫೈಲ್ ಒಳಗಿನ ತಪ್ಪು. ಹೆಡಿಂಗಿನ ಚಿಕ್ಕಿ ಗುರ್ತು (*) ಸಾಲಿನ ಮೊದಲನೇ ಜಾಗದಾಗೇ ಇರಬೇಕು, ಅದರ ಮುಂದ ಒಂದು ಸ್ಪೇಸ್ ಬೇಕು. ಶೆಡ್ಯೂಲ್ಡ್, ಡೆಡ್‌ಲೈನ್ ತಾರೀಖಿನ ಸಾಲು ಹೆಡಿಂಗಿನ ಕೆಳಗ ಹತ್ತಿಕೊಂಡೇ ಬರಬೇಕು, ನಡುವ ಒಂದು ಸಾಲು ನೋಟ್ಸ್ ಬರದ್ರ ಅದನ್ನ ಸರಿಯಾಗಿ ಹಿಡಿಯಂಗಿಲ್ಲ. ನನ್ನ ಸ್ಪ್ರೇ ತಪ್ಪಿದ್ದು ಇದಕ್ಕಲ್ಲ, ಅಂಕಿಗೆ. ಫೋನಿನ ಕನ್ನಡ ಕೀಬೋರ್ಡ್‌ಲೆ ತಾರೀಖು ಹೊಡದಿದ್ದೆ, ೨೦೨೪ ಅಂತ ಬಿದ್ದಿತ್ತು. ಕಣ್ಣಿಗೆ ಅದು ತಾರೀಖೇ, ಆದ್ರ ಆರ್ಗ್ ಹುಡುಕೋದು 0ದಿಂದ 9ರ ತನಕದ ಅಂಕಿ ಅಷ್ಟೇ, ಕನ್ನಡ ಅಂಕಿ ಇದ್ರ ಅದಕ್ಕ ಅದು ಬರೇ ಮಾತು. ಕೆಲಸದ ಹೆಸರು ಕನ್ನಡದಾಗ ಬರೀರಿ, ಟ್ಯಾಗ್ ಕನ್ನಡದಾಗ ಇಡ್ರಿ, ಟೂಡೂ, ಡನ್ ಬದ್ಲಿ "ಮಾಡಬೇಕು", "ಆತು" ಅಂತನೂ ಇಡಬಹುದು, ನಾನು ಹಂಗೇ ಇಟ್ಟೀನಿ (ಅದನ್ನ ಫೈಲಿನ ಮ್ಯಾಲಿನ ಸಾಲಿನ್ಯಾಗ ಬದಲಿಸಿದ ಮ್ಯಾಲ ಆ ಸಾಲಿನ ಮ್ಯಾಲೇ ಕಂಟ್ರೋಲ್-ಸಿ ಎರಡು ಸಲ ಒತ್ತಬೇಕು, ಇಲ್ಲಂದ್ರ ಹಳೇದೇ ನಡೀತೈತಿ). ಆದ್ರ ತಾರೀಖು ಮಾತ್ರ ಇಂಗ್ಲಿಷ್ ಅಂಕಿನೇ.

ಕನ್ನಡದಾಗ ಬರಿಯೋರಿಗೆ ಇನ್ನೊಂದು ಕಾಟ ಐತಿ. "ಫೋನ್‌ಗೆ" ಅಂತ ಬರಿಯೋವಾಗ ಒತ್ತಕ್ಷರ ಆಗಬಾರ್ದು ಅಂತ ನಡುವ ಕಣ್ಣಿಗೆ ಕಾಣದ ಒಂದು ಅಕ್ಷರ ಕುಂತಿರ್ತೈತಿ. ಅದು ಟ್ಯಾಗಿನ ಒಳಗ ಬಂದ್ರ ಟ್ಯಾಗ್ ಟ್ಯಾಗೇ ಅಲ್ಲ, ಹುಡುಕೋವಾಗ ನೀವು ಅದಿಲ್ದ ಟೈಪ್ ಮಾಡಿದ್ರ ಸಿಗಂಗಿಲ್ಲ. ಅನುಮಾನ ಬಂದ್ರ ಕರ್ಸರ್ ಅಲ್ಲಿಟ್ಟು ಕಂಟ್ರೋಲ್-ಎಕ್ಸ್ = ಒತ್ರಿ, ಯಾವ ಅಕ್ಷರ ಅಂತ ಹೇಳ್ತೈತಿ. ಟ್ಯಾಗಿಗೆ ಸಣ್ಣ ಸರಳ ಶಬ್ದ ಇಡೋದು ಛಲೋ: ಎಣ್ಣಿ, ನೀರು, ಸಾಲ.

ಇಷ್ಟೆಲ್ಲಾ ಕಣ್ಣಿಲೇ ನೋಡೋದು ಬ್ಯಾಡಂದ್ರ ಆಲ್ಟ್-ಎಕ್ಸ್ ಒತ್ತಿ ಆರ್ಗ್-ಲಿಂಟ್ ಓಡಿಸ್ರಿ, ತಪ್ಪು ಜಾಗದಾಗಿನ ತಾರೀಖು ಸಾಲು, ಮುರ್ದ ಲಿಂಕ್ ಎಲ್ಲಾ ಸಾಲಿನ ನಂಬರ್ ಸಮೇತ ಕೊಡ್ತೈತಿ. ಕನ್ನಡ ಅಂಕಿ ಮಾತ್ರ ನೀವೇ ನೋಡಬೇಕು.

ಈಗ ನನಗ ಭಾಳ ಸೇರಿದ್ದು, ತಿರುಗಿ ಬರೋ ಕೆಲಸ. ಇದು ತಿಳೀದ ಎಷ್ಟೋ ಮಂದಿ ಆರ್ಗ್ ತಪ್ಪು ತಾರೀಖು ಹಾಕ್ತೈತಿ ಅಂತಾರ, ಆದ್ರ ತಾರೀಖಿನ ಒಳಗ ಹಾಕೋ ಗುರ್ತು ಮೂರು ಥರ ಅದಾವ. ಬರೇ + ಹಾಕಿದ್ರ ಹಳೇ ತಾರೀಖಿಗೆ ಅಷ್ಟೇ ಕೂಡಸ್ತೈತಿ, ಬ್ಯಾಂಕಿನ ತಿಂಗಳ ಕಂತಿಗೆ ಇದೇ ಬೇಕು, ಯಾಕಂದ್ರ ಎರಡು ಕಂತು ಬಾಕಿ ಇದ್ರ ಎರಡು ಸಲ ಮುಗಿಸಿದ ಮ್ಯಾಲೇ ಮುಂದ ಹೋಗ್ತೈತಿ, ಬಾಕಿ ಮುಚ್ಚಿ ಹೋಗಂಗಿಲ್ಲ. ++ ಹಾಕಿದ್ರ ಇವತ್ತಿಂದ ಮುಂದಿನ ತಾರೀಖು ಬರೋ ತನಕ ಜಿಗೀತೈತಿ, ವಾರದ ಲೆಕ್ಕದಾಗ ಇಟ್ಟಿದ್ರ ವಾರ ಬದಲಾಗಂಗಿಲ್ಲ, ಊರಿನ ಸಂತಿಗೆ ಇದು ಸರಿ, ಹೋದ ವಾರ ತಪ್ಪಿದ ಸಂತಿಗೆ ಈಗ ಹೋಗಾಕ ಬರಂಗಿಲ್ಲಲ್ಲ. ಚುಕ್ಕಿ ಜೋಡಿ .+ ಹಾಕಿದ್ರ ನೀವು ಕೆಲಸ ಮುಗಿಸಿದ ದಿನದಿಂದ ಎಣಿಸ್ತೈತಿ, ಸ್ಪ್ರೇಕ್ಕ ಇದು ಬೇಕು, ಮಳಿ ಬಂದು ಎರಡು ದಿನ ತಡಾ ಹೊಡದ್ರ ಮುಂದಿನದೂ ಹೊಡದ ದಿನದಿಂದನೇ ಎಣಿಸಬೇಕು. ಗುರ್ತಿನ ಮುಂದ 7 ಬರ್ದು ಇಂಗ್ಲಿಷಿನ ಸಣ್ಣ ಡಿ ಹಾಕಿದ್ರ ಏಳು ದಿನ, ಡಬ್ಲ್ಯೂ ವಾರ, ಎಂ ತಿಂಗಳು. ಚಾಟ್ನಿ ದಿನದಿಂದ ಎಣಿಸೋ ಕೆಲಸಕ್ಕ ಮೊದಲು ಚಾಟ್ನಿ ತಾರೀಖೇ ಹಾಕಿ, ಅದರ ಮ್ಯಾಲ ಕರ್ಸರ್ ಇಟ್ಟು ಕಂಟ್ರೋಲ್-ಸಿ ಚುಕ್ಕಿ ಒತ್ತಿ ++45 ಅಂತ ಕೊಡ್ರಿ, 45 ದಿನ ಮುಂದಿನ ತಾರೀಖು ತಾನೇ ಬರ್ತೈತಿ. ಒಂದೇ ಪ್ಲಸ್ ಕೊಟ್ರ ಇವತ್ತಿಂದ ಎಣಿಸ್ತೈತಿ, ಅದೊಂದು ನೆನಪಿಡ್ರಿ.

ಡೆಡ್‌ಲೈನ್ 14 ದಿನ ಮೊದಲಿಂದನೇ ಅಜೆಂಡಾದಾಗ ಬರಾಕ ಶುರು ಆಗ್ತೈತಿ, ಅದು ಮೊದಲಿಂದ ಇರೋ ಸೆಟ್ಟಿಂಗ್. ಕಿರಿಕಿರಿ ಅನಿಸಿದ್ರ ಆ ತಾರೀಖಿನ ಒಳಗೇ -3 ಹಾಕಿ ಮುಂದ ಡಿ ಬರೀರಿ, ಮೂರು ದಿನ ಇರೋವಾಗ ಅಷ್ಟೇ ಬರ್ತೈತಿ.

ಕೆಲಸ ಎರಡೆರಡು ಸಲ ಕಾಣ್ತಾವಂದ್ರ ಫೋಲ್ಡರ್ ತಗದು ನೋಡ್ರಿ. ಫೋನು, ಲ್ಯಾಪ್‌ಟಾಪ್ ನಡುವ ಸಿಂಕ್‌ಥಿಂಗ್ (ಫೈಲ್ ಎರಡೂ ಕಡೆ ಒಂದೇ ಥರ ಇಡೋ ಆ್ಯಪ್) ಇಟ್ಟಿದ್ರ, ಎರಡೂ ಕಡೆ ಒಂದೇ ಸಲಕ್ಕ ತಿದ್ದಿದಾಗ ಸಿಂಕ್-ಕಾನ್‌ಫ್ಲಿಕ್ಟ್ ಅಂತ ಹೆಸರಿನ ಇನ್ನೊಂದು ಕಾಪಿ ಮಾಡಿರ್ತೈತಿ, ಅದರ ಬಾಲಕ್ಕೂ ಡಾಟ್ ಆರ್ಗ್ ಇರೋದ್ರಿಂದ ಅಜೆಂಡಾ ಅದನ್ನೂ ಓದ್ತೈತಿ. ಗಡಿಬಿಡಿಲೆ ಅಳಿಸಬ್ಯಾಡ್ರಿ, ಈಡಿಫ್‌ಲೆ ಎರಡೂ ಹೋಲಿಸಿ ಬೇಕಾದ್ದು ತಗೊಂಡ ಮ್ಯಾಲೇ ಅಳಿಸ್ರಿ.

ಕನ್ನಡ ಡಬ್ಬಿ ಡಬ್ಬಿ ಕಂಡ್ರ ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿ, ಸೆಟ್-ಫಾಂಟ್‌ಸೆಟ್-ಫಾಂಟ್‌ಲೆ ಕನ್ನಡಕ್ಕ ಅದನ್ನ ಗೊತ್ತು ಮಾಡ್ರಿ. ಒತ್ತಕ್ಷರ ಬಿಡಿ ಬಿಡಿ ಆಗಿದ್ರ ಈಮ್ಯಾಕ್ಸ್ ಹಳೇದೇನು ನೋಡ್ರಿ, 27ರಿಂದ ಅಕ್ಷರ ಜೋಡಿಸೋ ಹಾರ್ಫ್‌ಬಝ್ ಬಂದ ಮ್ಯಾಲ ಸುಧಾರಿಸೈತಿ. ಟೇಬಲ್ ಗೆರಿ ಕನ್ನಡದಾಗ ಸೊಟ್ಟ ಆಗೋದಕ್ಕ ವಾಲೈನ್ ಅನ್ನೋ ಪ್ಯಾಕೇಜ್ ಐತಿ.

ಅಪ್‌ಡೇಟ್ ಮಾಡಿದ ಕೂಡ್ಲೇ ವಿಚಿತ್ರ ಎರರ್ ಶುರು ಆದ್ರ ಎರಡು ಆರ್ಗ್ ಕಲಸಿರ್ತಾವ. ಈಮ್ಯಾಕ್ಸ್ ಜೋಡಿ ಬಂದ ಹಳೇದು ಮೊದಲೇ ಲೋಡ್ ಆಗಿರ್ತೈತಿ, ಅದರ ಮ್ಯಾಲ ಹೊಸಾದು ಇನ್‌ಸ್ಟಾಲ್ ಮಾಡಿರ್ತೀರಿ. ಪ್ಯಾಕೇಜ್ ಫೋಲ್ಡರ್‌ನ್ಯಾಗಿನ ಆರ್ಗ್ ತಗದು, ಈಮ್ಯಾಕ್ಸ್ ಹೊಸದಾಗಿ ಚಾಲೂ ಮಾಡಿ, ಒಂದೂ ಆರ್ಗ್ ಫೈಲ್ ತಗಿಯೋಕಿಂತ ಮೊದಲೇ ಇನ್‌ಸ್ಟಾಲ್ ಮಾಡ್ರಿ.

ಅಜೆಂಡಾ ನಿಧಾನ ಆಗೈತಂದ್ರ ಮುಗಿದ ಹಂಗಾಮಿನ ಕೆಲಸ ಆರ್ಕೈವ್‌ಗೆ ಹಾಕ್ರಿ, ಹೆಡಿಂಗಿನ ಮ್ಯಾಲ ಕಂಟ್ರೋಲ್-ಸಿ ಕಂಟ್ರೋಲ್-ಎಕ್ಸ್ ಕಂಟ್ರೋಲ್-ಎ. ಬ್ಯಾರೆ ಫೈಲಿಗೆ ಹೋಗ್ತೈತಿ, ಕಳೀಯಂಗಿಲ್ಲ. ಹಂಗೂ ನಿಧಾನ ಇದ್ರ ಪ್ರೊಫೈಲರ್-ಸ್ಟಾರ್ಟ್ ಕೊಟ್ಟು ಅಜೆಂಡಾ ತಗದು ಪ್ರೊಫೈಲರ್-ರಿಪೋರ್ಟ್ ನೋಡ್ರಿ, ಟೈಮ್ ಎಲ್ಲಿ ಹೋಗಾಕತ್ತೈತಿ ಅಂತ ಕಾಣ್ತೈತಿ.

ಏನು ಮಾಡಿದ್ರೂ ಬಗೆಹರಿಲಿಲ್ಲ ಅಂದ್ರ ಟರ್ಮಿನಲ್‌ನ್ಯಾಗ ಈಮ್ಯಾಕ್ಸ್ ಜೋಡಿ -ಕ್ಯೂ (ದೊಡ್ಡ ಅಕ್ಷರ) ಹಾಕಿ ತಗೀರಿ, ನಿಮ್ಮ ಒಂದೂ ಸೆಟ್ಟಿಂಗ್ ಇಲ್ದ ಬರ್ತೈತಿ. ಅಲ್ಲಿ ಸರಿ ನಡದ್ರ ತಪ್ಪು ನಿಮ್ಮ ಇನಿಟ್ ಫೈಲ್‌ನ್ಯಾಗೇ, ಅರ್ಧ ತಗದು ನೋಡ್ರಿ, ಉಳಿದ ಅರ್ಧದಾಗ ಮತ್ತ ಅರ್ಧ ಮಾಡ್ರಿ, ನೂರು ಸಾಲು ಇದ್ರ ಏಳು ಸಲದಾಗ ಸಿಕ್ಕೇ ಸಿಗ್ತೈತಿ. ಅಲ್ಲೂ ತಪ್ಪು ಹಂಗೇ ಬಂದ್ರ ಅದು ಆರ್ಗಿಂದೇ ಬಗ್, ಸುಮ್ನ ಬಿಡಬ್ಯಾಡ್ರಿ, ನಾವು ಹೇಳದಿದ್ರ ಕನ್ನಡದಾಗ ಬರಿಯೋರ ತೊಂದ್ರಿ ಅವರಿಗೆ ತಿಳಿಯೋದು ಹೆಂಗ? ನಾಕು ಸಾಲಿನ ಸಣ್ಣ ಆರ್ಗ್ ಫೈಲ್ ಮಾಡಿ ತಪ್ಪು ಅದರಾಗ ಬರೋ ಹಂಗ ಮಾಡ್ರಿ, ಟಾಗಲ್-ಡಿಬಗ್-ಆನ್-ಎರರ್ ಆನ್ ಇಡ್ರಿ, ಆಮೇಲೆ ಆರ್ಗ್-ಸಬ್‌ಮಿಟ್-ಬಗ್-ರಿಪೋರ್ಟ್ ಕೊಟ್ರ ವರ್ಷನ್ ವಿವರ ತಾನೇ ತುಂಬಿ ಮೇಲ್ ತಯಾರ್ ಮಾಡಿ ಕೊಡ್ತೈತಿ. ಏನು ಮಾಡಿದ್ರಿ, ಏನು ಆಗಬೇಕಿತ್ತು, ಏನು ಆತು, ಮೂರೂ ಬರೀರಿ. ಕಳಸೋಕಿಂತ ಮೊದಲು ಒಂದು ಸಲ ಪೂರಾ ಓದ್ರಿ, ನಿಮ್ಮ ಸೆಟ್ಟಿಂಗ್ ಸಮೇತ ಹೋಗ್ತೈತಿ, ಅದರಾಗ ಬ್ಯಾಂಕಿನ ಲೆಕ್ಕ, ಯಾರದರೆ ಫೋನ್ ನಂಬರ್ ಇದ್ರ ಅಳಿಸಿ ಕಳಸ್ರಿ.