ರೆಸ್ಯೂಮ್‌ಗೂ ಮೊದಲು ಒಂದು ಕೆಲಸದ ಕಡತ

ಕೆಲಸ ಹುಡುಕಲು ಕೂತವರು ಮೊದಲು ತೆರೆಯುವುದು ಹಳೆಯ ರೆಸ್ಯೂಮ್ ಫೈಲನ್ನು. ಅದನ್ನು ನಾನು ಆಮೇಲೆ ಮುಟ್ಟುತ್ತೇನೆ. ಮೊದಲು ಸಿದ್ಧವಾಗಬೇಕಾದ್ದು ಯಾರಿಗೂ ಕಳಿಸದ, ಪುಟಗಳ ಮಿತಿಯಿಲ್ಲದ ಒಂದು ಕಡತ. ಹೇಳಿಕೊಳ್ಳಬಹುದಾದ ಪ್ರತಿ ಕೆಲಸಕ್ಕೂ ಅದರಲ್ಲಿ ಐದು ಸಂಗತಿ ಬರೆದಿಡುತ್ತೇನೆ: ಆಗ ಪರಿಸ್ಥಿತಿ ಹೇಗಿತ್ತು, ನನ್ನ ಪಾಲಿಗೆ ಬಂದದ್ದೇನು, ಕೈಯಾರೆ ಮಾಡಿದ್ದೇನು, ಅದರಿಂದ ಬದಲಾದದ್ದೇನು, ಇದನ್ನು ಹತ್ತಿರದಿಂದ ಕಂಡವರು ಯಾರು. ರೆಸ್ಯೂಮ್, ಅರ್ಜಿಯ ಜೊತೆ ಕಳಿಸುವ ಕವರಿಂಗ್ ಲೆಟರ್, ಲಿಂಕ್ಡ್‌ಇನ್ ಪುಟ, ಸಂದರ್ಶನದ ಉತ್ತರಗಳು ಎಲ್ಲವೂ ಈ ಕಡತದಿಂದಲೇ ಹೊರಡುವುದರಿಂದ ಒಂದಕ್ಕೊಂದು ತಾಳೆಯಾಗುತ್ತವೆ. ಕಾಗದದಲ್ಲಿ ಎಂಟು ಜನರ ತಂಡ, ಬಾಯಲ್ಲಿ ಹನ್ನೆರಡು ಜನರ ತಂಡ ಎಂದಾದರೆ ಎದುರಿಗೆ ಕೂತವರು ಉಳಿದದ್ದನ್ನೂ ಅನುಮಾನದಿಂದಲೇ ಕೇಳುತ್ತಾರೆ.

ಕಡತಕ್ಕೆ ಬೇಕಾದ ಅಂಕಿಗಳು ತಿಂಗಳ ವರದಿ, ವಾರ್ಷಿಕ ಮೌಲ್ಯಮಾಪನದ ಫಾರಂ, ಹಳೆಯ ಮೇಲ್‌ಗಳಲ್ಲಿ ಇರುತ್ತವೆ. ಕೆಲಸ ಬಿಟ್ಟ ಮೇಲೆ ಅವು ಕೈಗೆ ಸಿಗುವುದಿಲ್ಲ, ಹಾಗಾಗಿ ಕೆಲಸದಲ್ಲಿರುವಾಗಲೇ ತಿಂಗಳಿಗೊಮ್ಮೆ ನಾಲ್ಕು ಸಾಲು ಬರೆದಿಡುವುದು ಲೇಸು. ಕಂಪನಿಯ ದಾಖಲೆಗಳನ್ನು ಹೊರಗೆ ಒಯ್ಯುವುದು ಬೇಡ. ಗುಟ್ಟಾಗಿರಬೇಕಾದ ಮೊತ್ತವಿದ್ದರೆ ಶೇಕಡಾ ಲೆಕ್ಕವೇ ಸಾಕು. ಹಿಂದಿನ ಕಂಪನಿಯ ಗುಟ್ಟನ್ನು ಹೊಸಬರ ಮುಂದೆ ಹರಡಿದರೆ, ನಾಳೆ ನಮ್ಮದನ್ನೂ ಹೀಗೇ ಹೇಳುತ್ತಾರೆ ಎಂದು ಅವರು ಲೆಕ್ಕ ಹಾಕುತ್ತಾರೆ.

ಎರಡನೆಯ ಹಂತ ಜಾಹೀರಾತನ್ನು ಓದುವುದು. ಅರ್ಜಿ ಹಾಕುವ ದಿನವೇ ಅದನ್ನು ಪಿಡಿಎಫ್ ಮಾಡಿಟ್ಟುಕೊಳ್ಳುತ್ತೇನೆ. ಗಡುವು ಮುಗಿದ ಮೇಲೆ ಎಷ್ಟೋ ಜಾಹೀರಾತುಗಳು ಮಾಯವಾಗುತ್ತವೆ, ಸಂದರ್ಶನದ ಕರೆ ಬಂದಾಗ ಏನು ಕೇಳಿದ್ದರು ಎಂಬುದೇ ಕೈಯಲ್ಲಿರುವುದಿಲ್ಲ. ಓದುವಾಗ ಎರಡು ಬಾರಿ ಬಂದ ಮಾತುಗಳಿಗೂ ಹೊಣೆಗಳ ಪಟ್ಟಿಯ ಮೊದಲ ಮೂರು ಸಾಲಿಗೂ ಗುರುತು ಹಾಕುತ್ತೇನೆ. ಆ ಕುರ್ಚಿಯಲ್ಲಿ ಕೂತವರು ದಿನವೂ ಎದುರಿಸಬೇಕಾದ ತೊಂದರೆ ಯಾವುದು ಎಂಬುದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಕೆಳಗಿನ ಸಾಲುಗಳಲ್ಲಿರುವ ‘ಇದ್ದರೆ ಒಳ್ಳೆಯದು’ ಎಂಬಂಥವು ಇಲ್ಲದಿದ್ದರೂ ಅರ್ಜಿ ಹಾಕುವುದೇ. ಕಾನೂನು ಕೇಳುವ ಲೈಸೆನ್ಸ್, ನೋಂದಣಿ, ಪದವಿ ಇಲ್ಲದಿದ್ದರೆ ಮಾತ್ರ ಹಾಕುವುದಿಲ್ಲ, ಅಲ್ಲಿ ಮಾತಿನ ಚಾತುರ್ಯ ನಡೆಯದು.

ಕಡತದಿಂದ ಯಾವುದನ್ನು ಮೇಲೆತ್ತಬೇಕು ಎಂಬುದಕ್ಕೆ ಚಿತ್ರಕಾರ ಲಿಯೊನಾರ್ಡೊ ಡಾ ವಿಂಚಿಯ ಪತ್ರಕ್ಕಿಂತ ಒಳ್ಳೆಯ ಮಾದರಿಯನ್ನು ನಾನು ಕಂಡಿಲ್ಲ. 1482ರ ಸುಮಾರಿಗೆ ಮಿಲಾನಿನ ಆಡಳಿತ ಲುಡೊವಿಕೊ ಸ್ಫೋರ್ಜಾನ ಕೈಯಲ್ಲಿತ್ತು. ಅವನ ಬಳಿ ಕೆಲಸ ಕೇಳಿ ಲಿಯೊನಾರ್ಡೊ ಬರೆದ ಆ ಪತ್ರದ ಕರಡು ಇಂದಿಗೂ ಉಳಿದಿದೆ. ಹೊತ್ತೊಯ್ಯಬಹುದಾದ ಹಗುರ ಸೇತುವೆ, ಕಂದಕದ ನೀರು ಬಸಿಯುವ ಉಪಾಯ, ಫಿರಂಗಿ, ಸದ್ದಿಲ್ಲದೆ ಸುರಂಗ ತೋಡುವ ಬಗೆ ಎಂದು ಯುದ್ಧದ ಸಂಗತಿಗಳೇ ಸಾಲುಸಾಲಾಗಿ ಬರುತ್ತವೆ. ಶಿಲ್ಪ, ಚಿತ್ರಕಲೆಯ ಮಾತು ಬರುವುದು ಕೊನೆಗೆ. ಓದುವವನ ತಲೆಯಲ್ಲಿ ಯುದ್ಧವಿತ್ತು, ಚಿತ್ರವಲ್ಲ. ನಂಬಿಕೆ ಬಾರದಿದ್ದರೆ ನಿಮ್ಮ ಉದ್ಯಾನದಲ್ಲೇ ಮಾಡಿ ತೋರಿಸುತ್ತೇನೆ ಎಂದೂ ಅದರಲ್ಲಿದೆ. ರೆಸ್ಯೂಮ್ ನಮ್ಮ ಜೀವನಚರಿತ್ರೆಯಲ್ಲ, ಅವರ ತೊಂದರೆಗೆ ನಮ್ಮ ಉತ್ತರ. ನಮಗೆ ಹೆಮ್ಮೆ ತರುವ ಕೆಲಸ ಅವರಿಗೆ ಬೇಡವಾಗಿದ್ದರೆ ಅದು ಎರಡನೇ ಪುಟಕ್ಕೆ ಹೋಗಬೇಕು, ಕೆಲವೊಮ್ಮೆ ಬಿಟ್ಟೇಬಿಡಬೇಕು.

ಈಗ ಸಾಲುಗಳು. ಹೆಚ್ಚಿನ ರೆಸ್ಯೂಮ್‌ಗಳು ಸೋಲುವುದು ಇಲ್ಲೇ. ‘ಗೋದಾಮಿನ ಸ್ಟಾಕ್ ನಿರ್ವಹಣೆಯ ಜವಾಬ್ದಾರಿ ಹೊತ್ತಿದ್ದೆ’ ಎಂಬ ಸಾಲನ್ನು ಆ ಹುದ್ದೆಯಲ್ಲಿದ್ದ ಯಾರು ಬೇಕಾದರೂ ಬರೆಯಬಹುದು, ಸರಿಯಾಗಿ ಮಾಡದವರು ಕೂಡ. ಅದೇ ಕೆಲಸವನ್ನು ಹೀಗೆ ಬರೆಯಬಹುದು: ‘1,800 ಬಗೆಯ ಸರಕಿದ್ದ ಗೋದಾಮಿನಲ್ಲಿ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಎಣಿಕೆಯನ್ನು ವಾರದ ಸರದಿ ಎಣಿಕೆಗೆ ಬದಲಿಸಿದೆ. ಪುಸ್ತಕದ ಲೆಕ್ಕಕ್ಕೂ ಕಪಾಟಿನ ಸರಕಿಗೂ ಇದ್ದ ವ್ಯತ್ಯಾಸ ಆರು ತಿಂಗಳಲ್ಲಿ ಶೇ 4ರಿಂದ ಶೇ 1ಕ್ಕೆ ಇಳಿಯಿತು.’ ಇದರಲ್ಲಿ ಕೆಲಸದ ಗಾತ್ರ, ಮಾಡಿದ ಬದಲಾವಣೆ, ಹಿಂದಿನ ಅಂಕಿ, ಈಗಿನ ಅಂಕಿ, ಹಿಡಿದ ಕಾಲ ಎಲ್ಲವೂ ಇವೆ. ಹಿಂದಿನ ಅಂಕಿ ಇಲ್ಲದೆ ‘ಶೇ 40 ಸುಧಾರಣೆ’ ಎಂದಷ್ಟೇ ಬರೆದರೆ, ಎಷ್ಟರಿಂದ ಎಷ್ಟಕ್ಕೆ ಎಂಬ ಪ್ರಶ್ನೆ ಸಂದರ್ಶನದಲ್ಲಿ ಬಂದೇ ಬರುತ್ತದೆ. ಉತ್ತರ ಗೊತ್ತಿಲ್ಲದ ಅಂಕಿಯನ್ನು ಹಾಕದಿರುವುದೇ ಮೇಲು.

ಎಲ್ಲ ಕೆಲಸಕ್ಕೂ ಫಲಿತಾಂಶದ ಅಂಕಿ ಇರುವುದಿಲ್ಲ. ಶುಶ್ರೂಷೆ, ಬೋಧನೆ, ಕಚೇರಿ ಸಹಾಯದಂಥ ಕೆಲಸಗಳಲ್ಲಿ ಪ್ರಮಾಣ ಹೇಳಬಹುದು: ಎಷ್ಟು ಹಾಸಿಗೆಗಳ ವಾರ್ಡು, ಒಂದು ಪಾಳಿಗೆ ಎಷ್ಟು ರೋಗಿಗಳು, ಯಾವ ಉಪಕರಣಗಳು, ದಿನಕ್ಕೆ ಎಷ್ಟು ವೋಚರ್. ಓದುವವರಿಗೆ ನಮ್ಮ ಅಳತೆ ಸಿಕ್ಕರಾಯಿತು. ಇತ್ತೀಚಿನ ಹುದ್ದೆಗೆ ಐದಾರು ಸಾಲು, ಅದರ ಹಿಂದಿನದಕ್ಕೆ ಮೂರು, ಹತ್ತು ವರ್ಷಕ್ಕಿಂತ ಹಳೆಯದಕ್ಕೆ ಹುದ್ದೆಯ ಹೆಸರು ಮತ್ತು ಇಸವಿ ಸಾಕು. ‘ಕಠಿಣ ಪರಿಶ್ರಮಿ’, ‘ತಂಡದಲ್ಲಿ ಹೊಂದಿಕೊಳ್ಳುವವನು’ ಎಂಬಂಥ ಬಿರುದುಗಳನ್ನು ತೆಗೆದು ಆ ಜಾಗಕ್ಕೆ ಇನ್ನೊಂದು ಪುರಾವೆ ಹಾಕುತ್ತೇನೆ. ಹೊಸದಾಗಿ ಓದು ಮುಗಿಸಿದವರಾದರೆ ಪ್ರಾಜೆಕ್ಟ್, ತರಬೇತಿ, ಅರೆಕಾಲಿಕ ಕೆಲಸಗಳನ್ನು ಇದೇ ಅಚ್ಚಿನಲ್ಲಿ ಬರೆದು ವಿದ್ಯಾಭ್ಯಾಸವನ್ನು ಮೇಲಿಡಬೇಕು. ಅನುಭವ ಇರುವವರಿಗೆ ಅದು ಕೆಳಗೆ.

ಹತ್ತು ವರ್ಷದೊಳಗಿನ ಅನುಭವಕ್ಕೆ ಒಂದು ಪುಟ, ಅದಕ್ಕಿಂತ ಹೆಚ್ಚಿದ್ದರೆ ಎರಡು. ಅಕ್ಷರದ ಗಾತ್ರ 10ರಿಂದ 12 ಪಾಯಿಂಟ್, ಅಂಚು ಸುತ್ತಲೂ 2 ಸೆಂ.ಮೀ. ಪುಟ ಹಿಡಿಸದಿದ್ದಾಗ ಅಕ್ಷರ ಕುಗ್ಗಿಸುವುದಲ್ಲ, ಸಾಲು ಕಡಿಮೆ ಮಾಡುವುದು. ಎರಡು ಕಾಲಂ, ಟೇಬಲ್, ಟೆಕ್ಸ್ಟ್ ಬಾಕ್ಸ್, ಕೌಶಲಕ್ಕೆ ನಕ್ಷತ್ರಗಳ ಅಲಂಕಾರ ಇವೆಲ್ಲ ಕಣ್ಣಿಗೆ ಚೆಂದ, ಸಾಫ್ಟ್‌ವೇರ್‌ಗೆ ಕಷ್ಟ. ದೊಡ್ಡ ಕಂಪನಿಗಳ ಅರ್ಜಿ ವ್ಯವಸ್ಥೆ ಫೈಲಿನಿಂದ ಪಠ್ಯವನ್ನು ಹೆಕ್ಕಿ ಹೆಸರು, ಫೋನ್, ಹುದ್ದೆ, ದಿನಾಂಕ ಎಂಬ ಖಾನೆಗಳಿಗೆ ತುಂಬುತ್ತದೆ. ಎರಡು ಕಾಲಂ ಇದ್ದರೆ ಎಡಗಡೆಯ ಸಾಲು ಬಲಗಡೆಯದರ ಜೊತೆ ಬೆರೆತುಹೋಗಬಹುದು. ಪುಟದ ಮೇಲಂಚಿನ ಹೆಡರ್‌ನಲ್ಲಿ ಇಟ್ಟ ಫೋನ್ ನಂಬರ್ ಕೆಲವು ವ್ಯವಸ್ಥೆಗಳಿಗೆ ಕಾಣುವುದೇ ಇಲ್ಲ.

ಪರೀಕ್ಷೆ ಸುಲಭ. ಪಿಡಿಎಫ್ ತೆರೆದು ಎಲ್ಲವನ್ನೂ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಅಲ್ಲಿ ಕ್ರಮ ತಪ್ಪದೆ ಓದಿಸಿಕೊಂಡರೆ ಫೈಲ್ ಸರಿಯಿದೆ. ಏನೂ ಪೇಸ್ಟ್ ಆಗದಿದ್ದರೆ ಅದು ಪಠ್ಯವಲ್ಲ, ಬರೀ ಚಿತ್ರ. ಸ್ಕ್ಯಾನ್ ಮಾಡಿದ್ದೋ ಡಿಸೈನ್ ಆ್ಯಪ್‌ನಲ್ಲಿ ಚಿತ್ರವಾಗಿ ಉಳಿಸಿದ್ದೋ ಆಗಿರುತ್ತದೆ. ಇಂಗ್ಲಿಷ್ ರೆಸ್ಯೂಮ್‌ನಲ್ಲಿ ‘ಫೈನಾನ್ಸ್’, ‘ಸರ್ಟಿಫಿಕೇಟ್’ ಪದಗಳನ್ನು ಹುಡುಕಿ ನೋಡಿ. ಕೆಲವು ಫಾಂಟ್‌ಗಳು ಎಫ್ ಮತ್ತು ಐ ಅಕ್ಷರಗಳನ್ನು ಕೂಡಿಸಿ ಒಂದೇ ಗುರುತಾಗಿ ಇಡುತ್ತವೆ, ಪೇಸ್ಟ್ ಮಾಡಿದಾಗ ಅಲ್ಲಿ ಖಾಲಿ ಜಾಗವೋ ಚೌಕವೋ ಬರಬಹುದು. ಆಗ ಫಾಂಟ್ ಬದಲಿಸಬೇಕು. ಕನ್ನಡದಲ್ಲಿ ಬರೆದಿದ್ದರೆ ಎಲ್ಲ ಕಡೆ ಓದಿಸಿಕೊಳ್ಳುವ ಯೂನಿಕೋಡ್‌ನಲ್ಲೇ ಇರಲಿ. ಹಳೆಯ ಆಸ್ಕಿ ಫಾಂಟಿನ ಬರಹ ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ.

ಯಂತ್ರವೇ ರೆಸ್ಯೂಮ್ ಓದಿ ಕಸದ ಬುಟ್ಟಿಗೆ ಹಾಕುತ್ತದೆ ಎಂಬ ಭಯ ಕೊಂಚ ಅತಿ. ಓದುವ ಮೊದಲೇ ಅರ್ಜಿ ಹೊರಬೀಳುವುದು ಹೆಚ್ಚಾಗಿ ಫಾರಂನಲ್ಲಿರುವ ಹೌದು–ಇಲ್ಲ ಪ್ರಶ್ನೆಗಳಲ್ಲಿ: ಈ ಲೈಸೆನ್ಸ್ ಇದೆಯೇ, ಇಷ್ಟು ವರ್ಷ ಅನುಭವವಿದೆಯೇ, ರಾತ್ರಿ ಪಾಳಿ ಒಪ್ಪಿಗೆಯೇ. ಅವನ್ನು ಅವಸರದಲ್ಲಿ ಒತ್ತಿಬಿಡಬಾರದು. ಉಳಿದಂತೆ ನೇಮಕಾತಿ ನೋಡಿಕೊಳ್ಳುವ ಎಚ್‌ಆರ್‌ನವರು ಪದ ಹಾಕಿ ಹುಡುಕುತ್ತಾರೆ, ಆದ್ದರಿಂದ ಜಾಹೀರಾತಿನ ಪದವೇ ನಮ್ಮಲ್ಲೂ ಇರಬೇಕು. ಸಂಕ್ಷಿಪ್ತ ರೂಪವಿದ್ದರೆ ಪೂರ್ಣ ರೂಪವನ್ನೂ ಒಂದು ಕಡೆ ಬರೆಯಬೇಕು. ಬಿಳಿ ಬಣ್ಣದಲ್ಲಿ ಪದಗಳನ್ನು ಅಡಗಿಸಿಡುವ ಉಪಾಯ ಬೇಡ, ಪಠ್ಯ ಹೆಕ್ಕಿದಾಗ ಬಣ್ಣ ಉಳಿಯುವುದಿಲ್ಲ, ಅಡಗಿಸಿದ್ದೆಲ್ಲ ಬಯಲಿಗೆ ಬರುತ್ತದೆ. ಫೈಲಿಗೆ ‘ಫೈನಲ್ ಹೊಸದು 3’ ಎಂಬ ಹೆಸರೂ ಬೇಡ. ನಮ್ಮ ಹೆಸರು, ಹುದ್ದೆಯ ಹೆಸರು ಇದ್ದರೆ ಅವರ ಡೌನ್‌ಲೋಡ್ ಫೋಲ್ಡರಿನಲ್ಲಿ ಹುಡುಕಿದರೆ ಸಿಗುತ್ತದೆ.

ಕೆಲಸವಿಲ್ಲದ ಅವಧಿಯನ್ನು ಮುಚ್ಚಿಡಲು ತಿಂಗಳು ಬಿಟ್ಟು ಇಸವಿ ಮಾತ್ರ ಬರೆಯುವವರಿದ್ದಾರೆ. ಅದು ಓದುವವರ ಕಣ್ಣಿಗೆ ಮೊದಲು ಬೀಳುತ್ತದೆ. ಒಂದೇ ಸಾಲು ಸಾಕು: ‘ಮಾರ್ಚ್‌ನಿಂದ ನವೆಂಬರ್: ಕುಟುಂಬದ ಆರೈಕೆ, ಈಗ ಪೂರ್ಣಾವಧಿಗೆ ಲಭ್ಯ.’ ಕಾರಣವನ್ನು ಹಿಗ್ಗಿಸಿ ಬರೆದರೆ ಪ್ರಶ್ನೆಗಳೂ ಹಿಗ್ಗುತ್ತವೆ.

ಕವರಿಂಗ್ ಲೆಟರ್ ಕೇಳಿದ ಕಡೆ ಮೂರು ಪ್ಯಾರಾ, ಇಂಗ್ಲಿಷಿನಲ್ಲಾದರೆ 250 ಪದ. ಯಾವ ಹುದ್ದೆ ಮತ್ತು ಅವರ ತೊಂದರೆ ಯಾವುದೆಂದು ನಾನು ತಿಳಿದಿದ್ದೇನೆ ಎಂಬುದು ಮೊದಲು, ಆ ತೊಂದರೆಗೆ ಹತ್ತಿರವಾದ ನನ್ನ ಒಂದೇ ಕೆಲಸ ಅಂಕಿಗಳ ಸಮೇತ ಆಮೇಲೆ, ಯಾವಾಗಿನಿಂದ ಸೇರಬಹುದು ಎಂಬುದು ಕೊನೆಗೆ. ರೆಸ್ಯೂಮನ್ನೇ ವಾಕ್ಯ ಮಾಡಿ ಬರೆದ ಪತ್ರವನ್ನು ಯಾರೂ ಪೂರ್ತಿ ಓದುವುದಿಲ್ಲ.

ಲಿಂಕ್ಡ್‌ಇನ್‌ನಲ್ಲಿ ಹೆಸರಿನ ಕೆಳಗಿನ ಸಾಲಿಗೆ 220 ಅಕ್ಷರಗಳ ಜಾಗವಿದೆ. ‘ಅವಕಾಶ ಹುಡುಕುತ್ತಿದ್ದೇನೆ’ ಎಂದು ಅದನ್ನು ವ್ಯರ್ಥ ಮಾಡುವ ಬದಲು ಹುದ್ದೆ, ಕ್ಷೇತ್ರ, ಎರಡು ಮುಖ್ಯ ಕೌಶಲ ಇರಲಿ. ಹುಡುಕಾಟದ ಫಲಿತಾಂಶದಲ್ಲಿ ಮೊದಲು ಕಾಣುವುದು ಆ ಸಾಲೇ. ಪರಿಚಯದ ಭಾಗಕ್ಕೆ 2,600 ಅಕ್ಷರಗಳಿದ್ದರೂ ಒತ್ತದೆ ಕಾಣುವುದು ಮೊದಲ ಕೆಲವು ಸಾಲು ಮಾತ್ರ, ಸಾರ ಅಲ್ಲೇ ಇರಬೇಕು. ಕೆಲಸಕ್ಕೆ ಲಭ್ಯ ಎಂಬ ಗುರುತನ್ನು ನೇಮಕಾತಿಯವರಿಗೆ ಮಾತ್ರ ಕಾಣಿಸುವ ಆಯ್ಕೆ ಇದೆ, ಆದರೆ ಈಗಿನ ಕಂಪನಿಗೆ ತಿಳಿಯುವುದೇ ಇಲ್ಲ ಎಂಬ ಭರವಸೆಯನ್ನು ಆ ಸಂಸ್ಥೆಯೂ ಕೊಡುವುದಿಲ್ಲ. ಹುದ್ದೆಯ ಹೆಸರು, ದಿನಾಂಕಗಳು ರೆಸ್ಯೂಮ್ ಜೊತೆ ತಾಳೆಯಾಗಲೇಬೇಕು.

ಮೊದಲ ಫೋನ್ ಕರೆಯಲ್ಲಿ ಎಚ್‌ಆರ್‌ನವರು ಜಾಣತನ ಅಳೆಯುವುದಿಲ್ಲ. ನೋಟಿಸ್ ಪೀರಿಯಡ್ (ರಾಜೀನಾಮೆ ಕೊಟ್ಟ ಮೇಲೂ ಹಳೆಯ ಕಡೆ ದುಡಿಯಬೇಕಾದ ಅವಧಿ), ಸಂಬಳದ ನಿರೀಕ್ಷೆ, ಕೆಲಸದ ಸ್ಥಳ, ಕಡ್ಡಾಯ ಅರ್ಹತೆ ಇವನ್ನು ಗುರುತು ಹಾಕಿಕೊಳ್ಳುತ್ತಾರೆ. ಗದ್ದಲದ ಜಾಗದಲ್ಲಿದ್ದರೆ, ಹದಿನೈದು ನಿಮಿಷ ಬಿಟ್ಟು ನಾನೇ ಕರೆ ಮಾಡಲೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಆ ಹದಿನೈದು ನಿಮಿಷದಲ್ಲಿ ಉಳಿಸಿಟ್ಟ ಜಾಹೀರಾತನ್ನು ತೆರೆದಿಟ್ಟುಕೊಳ್ಳಬಹುದು.

ಸಂದರ್ಶನಕ್ಕೆ ಕಡತದಿಂದ ಆರು ಉದಾಹರಣೆಗಳನ್ನು ಆರಿಸಿಕೊಳ್ಳುತ್ತೇನೆ: ಕಷ್ಟದ ಗಡುವು, ಭಿನ್ನಾಭಿಪ್ರಾಯ, ಕೆಟ್ಟುಹೋದ ಕೆಲಸ, ಹೊಸದಾಗಿ ಕಲಿತದ್ದು, ಇನ್ನೊಬ್ಬರನ್ನು ನಡೆಸಿದ್ದು, ನಾನೇ ಮುಂದಾಗಿ ಮಾಡಿದ್ದು. ‘ಒಂದು ಸಂದರ್ಭ ಹೇಳಿ’ ಎಂದು ಶುರುವಾಗುವ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಆರರೊಳಗೆ ಬೀಳುತ್ತವೆ. ಉತ್ತರ ಎರಡು ನಿಮಿಷ ಮೀರಬಾರದು. ಅದರಲ್ಲಿ ಹಿನ್ನೆಲೆಗೆ ಇಪ್ಪತ್ತು ಸೆಕೆಂಡ್, ಫಲಿತಾಂಶಕ್ಕೆ ಇಪ್ಪತ್ತು, ಉಳಿದದ್ದೆಲ್ಲ ಮಾಡಿದ ಕೆಲಸಕ್ಕೆ. ಅಭ್ಯಾಸವಿಲ್ಲದವರು ಇದನ್ನು ತಿರುಗುಮುರುಗು ಮಾಡಿ, ಕಂಪನಿಯ ಕಥೆಯಲ್ಲೇ ಒಂದೂವರೆ ನಿಮಿಷ ಕಳೆಯುತ್ತಾರೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಂಡರೆ ಎಲ್ಲಿ ಹರಿಯಿತು, ಎಲ್ಲಿ ಎಳೆಯಿತು ಎಂದು ಗೊತ್ತಾಗುತ್ತದೆ. ಬಾಯಿಪಾಠ ಮಾಡುವುದು ಬೇಡ, ನಡುವೆ ಪ್ರಶ್ನೆ ಬಂದರೆ ಎಳೆ ತಪ್ಪುತ್ತದೆ.

ಇನ್ನೊಂದು ತೊಡಕು ನಮ್ಮ ಸಂಕೋಚ. ‘ನಾವು ಮಾಡಿದ್ವಿ, ನಾವು ಬದಲಾಯಿಸಿದ್ವಿ’ ಎಂದೇ ಹೇಳುತ್ತಾ ಹೋದರೆ, ಎದುರಿನವರಿಗೆ ಇವರ ಪಾಲು ಎಷ್ಟು ಎಂಬುದು ಕೊನೆಗೂ ತಿಳಿಯುವುದಿಲ್ಲ. ತಂಡದ್ದನ್ನು ತಂಡದ್ದು ಎಂದೇ ಹೇಳಿ, ಅದರೊಳಗೆ ‘ಪಟ್ಟಿ ಮಾಡಿದ್ದು ನಾನು, ಪೂರೈಕೆದಾರರ ಜೊತೆ ಮಾತಾಡಿದ್ದು ನಾನು’ ಎಂದು ಬಿಡಿಸಿ ಹೇಳಿದರೆ ಅದು ಜಂಬವಲ್ಲ, ಮಾಹಿತಿ. ‘ನಿಮ್ಮ ಬಗ್ಗೆ ಹೇಳಿ’ ಎಂಬುದಕ್ಕೆ ಊರು, ಮನೆ, ಹವ್ಯಾಸ ಬೇಕಿಲ್ಲ. ಈಗೇನು ಮಾಡುತ್ತಿದ್ದೇನೆ, ಇಲ್ಲಿಗೆ ಹೇಗೆ ಬಂದೆ, ಈ ಹುದ್ದೆ ಯಾಕೆ ಎಂಬ ಮೂರೇ ಸಂಗತಿ, ಒಂದೂವರೆ ನಿಮಿಷ. ಗೊತ್ತಿಲ್ಲದ್ದು ಬಂದರೆ ಗೊತ್ತಿಲ್ಲ ಎಂದು, ಆದರೆ ಹೇಗೆ ಪತ್ತೆ ಹಚ್ಚುತ್ತೇನೆ ಎಂಬುದನ್ನು ಸೇರಿಸುತ್ತೇನೆ. ಹಳೆಯ ಬಾಸ್ ಬಗ್ಗೆ ಕೆಟ್ಟ ಮಾತು, ಅದು ನಿಜವಿದ್ದರೂ, ಬೇಡ.

ವಿಡಿಯೊ ಸಂದರ್ಶನದಲ್ಲಿ ಚಿತ್ರಕ್ಕಿಂತ ಧ್ವನಿ ಮುಖ್ಯ. ಮುಖ ಮಸುಕಾದರೆ ಸಹಿಸಿಕೊಳ್ಳುತ್ತಾರೆ, ಮಾತು ತುಂಡಾದರೆ ಬೇಸರಪಡುತ್ತಾರೆ. ವೈರ್ ಇರುವ ಇಯರ್‌ಫೋನ್ ಹೆಚ್ಚು ನಂಬಿಕಸ್ತ. ಲ್ಯಾಪ್‌ಟಾಪ್ ಕೆಳಗೆ ಪುಸ್ತಕಗಳನ್ನಿಟ್ಟು ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರುವಂತೆ ಮಾಡಬೇಕು. ಕಿಟಕಿ ಮುಂದಿರಲಿ, ಬೆನ್ನ ಹಿಂದಿದ್ದರೆ ಮುಖ ಕಪ್ಪಾಗುತ್ತದೆ. ಪರದೆಯ ಮೇಲೆ ಅವರ ಚಿತ್ರವಿರುವ ವಿಂಡೋವನ್ನು ಕ್ಯಾಮೆರಾದ ಕೆಳಗೇ ಎಳೆದಿಟ್ಟರೆ ಅವರನ್ನು ನೋಡುವಾಗಲೂ ದೃಷ್ಟಿ ಕ್ಯಾಮೆರಾದ ಹತ್ತಿರವೇ ಇರುತ್ತದೆ. ಆ್ಯಪ್‌ನಲ್ಲಿ ಕಾಣುವ ಹೆಸರು ಮನೆಯವರದ್ದೋ ಅಡ್ಡಹೆಸರೋ ಆಗಿಲ್ಲ ಎಂದು ನೋಡಿಕೊಳ್ಳಿ. ನೆಟ್ ಕೈಕೊಟ್ಟರೆ ಬೇಕೆಂದು ಮೊಬೈಲ್ ಹಾಟ್‌ಸ್ಪಾಟ್ ಮತ್ತು ಅವರ ಫೋನ್ ನಂಬರ್ ಪಕ್ಕದಲ್ಲಿರಲಿ.

ಸಂಬಳದ ಮಾತನ್ನು ಮೊದಲು ಅವರ ಕಡೆಗೇ ತಿರುಗಿಸುತ್ತೇನೆ: ಈ ಹುದ್ದೆಗೆ ಎಷ್ಟು ಇಟ್ಟುಕೊಂಡಿದ್ದೀರಿ? ನಾವೇ ಹೇಳಬೇಕಾಗಿ ಬಂದಾಗ ವ್ಯಾಪ್ತಿ ಹೇಳುವುದು, ಕೆಳಗಿನ ಅಂಕಿಯೂ ನಮಗೆ ಒಪ್ಪಿಗೆಯಾಗುವಂತಿರಬೇಕು, ಯಾಕೆಂದರೆ ಅವರ ಕಿವಿಗೆ ಬೀಳುವುದು ಅದೇ. ಖಚಿತ ಸಂಬಳ ಎಷ್ಟು, ಗುರಿ ಮುಟ್ಟಿದರೆ ಮಾತ್ರ ಸಿಗುವುದೆಷ್ಟು, ಕಡಿತ ಹೋಗಿ ಕೈಗೆ ಬರುವುದೆಷ್ಟು ಎಂದು ಬಿಡಿಸಿ ಕೇಳಬೇಕು. ಆಫರ್ ಬರಹದಲ್ಲಿ ಕೈಗೆ ಬರುವ ತನಕ ರಾಜೀನಾಮೆ ಬೇಡ. ನೋಂದಣಿಗೆಂದೋ ತರಬೇತಿಗೆಂದೋ ದುಡ್ಡು ಕೇಳುವ ‘ಕೆಲಸ’ವನ್ನು ಅಲ್ಲೇ ಬಿಡಬೇಕು.

ಶಿಫಾರಸಿಗೆ ಹೆಸರು ಕೊಡುವ ಮುಂಚೆ ಅವರ ಒಪ್ಪಿಗೆ ಪಡೆದು, ಜಾಹೀರಾತನ್ನೂ ಅವರಿಗೆ ನೆನಪಿರಬಹುದಾದ ಎರಡು ಕೆಲಸಗಳನ್ನೂ ಕಳಿಸುತ್ತೇನೆ. ಸಂದರ್ಶನದ ದಿನವೇ ನಾಲ್ಕು ಸಾಲಿನ ಧನ್ಯವಾದದ ಮೇಲ್ ಹೋಗಬೇಕು, ಮಾತಿನಲ್ಲಿ ಅರ್ಧಕ್ಕೆ ನಿಂತ ಒಂದು ಉತ್ತರವಿದ್ದರೆ ಅದನ್ನು ಅಲ್ಲಿ ಪೂರ್ತಿ ಮಾಡಬಹುದು. ಅವರು ಹೇಳಿದ ದಿನ ಕಳೆದು ಎರಡು ದಿನವಾದ ಮೇಲೆ ಒಂದು ನೆನಪೋಲೆ, ವಾರದ ನಂತರ ಇನ್ನೊಂದು, ಅಲ್ಲಿಗೆ ಮುಗಿಯಿತು.

ಎಲ್ಲವೂ ಒಂದು ಎಕ್ಸೆಲ್ ಶೀಟಿನಲ್ಲಿ ಇರುತ್ತದೆ: ದಿನಾಂಕ, ಕಂಪನಿ, ಹುದ್ದೆ, ಕಳಿಸಿದ ರೆಸ್ಯೂಮ್ ಫೈಲಿನ ಹೆಸರು, ಮಾತಾಡಿದವರು, ಎಲ್ಲಿಗೆ ನಿಂತಿತು, ಮುಂದಿನ ದಿನಾಂಕ. ‘ಎಲ್ಲಿಗೆ ನಿಂತಿತು’ ಎಂಬ ಕಾಲಂ ಇಲ್ಲದಿದ್ದರೆ ಉಳಿದದ್ದೆಲ್ಲ ಬರೀ ಗುಮಾಸ್ತಿಕೆ. ಕರೆಯೇ ಬರುತ್ತಿಲ್ಲವಾದರೆ ಹುದ್ದೆಯ ಆಯ್ಕೆಯಲ್ಲೋ ರೆಸ್ಯೂಮ್‌ನ ಮೊದಲ ಅರ್ಧ ಪುಟದಲ್ಲೋ ದೋಷವಿದೆ. ಫೋನಿಗೇ ನಿಲ್ಲುತ್ತಿದ್ದರೆ ಸಂಬಳ ಅಥವಾ ನೋಟಿಸ್ ಪೀರಿಯಡ್ ಹೊಂದುತ್ತಿಲ್ಲ. ಮೊದಲ ಸುತ್ತಿನಲ್ಲಿ ಸೋತರೆ ಉದಾಹರಣೆಗಳು ಸಡಿಲವಾಗಿವೆ. ಕೊನೆಯ ಸುತ್ತಿನ ತನಕ ಹೋಗಿ ನಿಲ್ಲುತ್ತಿದ್ದರೆ ರೆಸ್ಯೂಮ್ ತಿದ್ದುತ್ತಾ ಕೂರಬಾರದು. ಅಲ್ಲಿಯವರೆಗೆ ಬಂದವರೆಲ್ಲ ಹೆಚ್ಚುಕಡಿಮೆ ಸಮನಾಗಿರುತ್ತಾರೆ. ಆಗ ಮುಂದಿನ ಸಂದರ್ಶನದಲ್ಲಿ, ಏನಾದರೂ ಕೇಳುವುದಿದೆಯೇ ಎಂದಾಗ ಈ ಪ್ರಶ್ನೆ ಕೇಳಿ ನೋಡಬಹುದು: ನಾನು ಈ ಕೆಲಸಕ್ಕೆ ಹೊಂದುತ್ತೇನೋ ಇಲ್ಲವೋ ಎಂಬ ಅನುಮಾನ ಯಾವ ವಿಷಯದಲ್ಲಾದರೂ ಉಳಿದಿದೆಯೇ? ಉಳಿದಿದ್ದರೆ, ಉತ್ತರ ಕೊಡಲು ನಾವಿನ್ನೂ ಅದೇ ಕೋಣೆಯಲ್ಲಿರುತ್ತೇವೆ.