429 ಕೋಟಿಯ ಸಂಖ್ಯೆಯನ್ನು ಕೈಯಲ್ಲೇ ಒಡೆದದ್ದು

4294967297. ಎರಡರ 32ನೇ ಘಾತಕ್ಕೆ ಒಂದು ಕೂಡಿಸಿದರೆ ಸಿಗುವ ಸಂಖ್ಯೆ. ಓದುವಾಗ 429 ಕೋಟಿ 49 ಲಕ್ಷ 67 ಸಾವಿರದ 297. ಇದು ಅವಿಭಾಜ್ಯ ಎಂದೇ ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಅಪವರ್ತನಗಳಾಗಿ ಒಡೆದು ತೋರಿಸಿದ. ಕಾಗದದ ಮೇಲೆ ಇದು ಎಷ್ಟು ಕಷ್ಟ ಅಂತ ನೋಡಬೇಕೆನಿಸಿತು. ಮನೆಯ ಕ್ಯಾಲ್ಕುಲೇಟರಿನಲ್ಲಿ ಹಿಡಿಸುವುದೂ ಎಂಟೇ ಅಂಕಿ. ಹಳೇ ಕ್ಯಾಲೆಂಡರಿನ ಹಾಳೆ ತಿರುವಿ ಕೂತೆ.

ಮೊದಲ ಸಂಜೆ ಬರೀ ಕತ್ತೆ ದುಡಿತ. ಅಂಕಿಗಳ ಮೊತ್ತ 59, ಹಾಗಾಗಿ ಮೂರರಿಂದ ಹೋಗುವುದಿಲ್ಲ. ಏಳು, ಹನ್ನೊಂದು, ಹದಿಮೂರು ಅಂತ 43ರವರೆಗೆ ಬಂದು ಕೈಬಿಟ್ಟೆ. ಹೀಗೇ ಹೋಗಿದ್ದರೆ ಉತ್ತರ ಸಿಗುತ್ತಿದ್ದುದು 116ನೇ ಅವಿಭಾಜ್ಯಕ್ಕೆ!

ಆಮೇಲೆ ಓದಿದೆ: ಇದರ ಯಾವ ಅವಿಭಾಜ್ಯ ಅಪವರ್ತನವನ್ನೇ ಆಗಲಿ 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು. ಇದು ಆಯ್ಲರ್ ಸಾಧಿಸಿದ್ದು. ಮುಂದೆ ಗಣಿತಜ್ಞ ಲ್ಯೂಕಾ ಆ 64ನ್ನು 128 ಮಾಡಿದ. ಅಂದರೆ ನೋಡಬೇಕಾದ್ದು 129, 257, 385, 513, 641... 129 ಮತ್ತು 513 ಮೂರರ ಮಗ್ಗಿಯವು, 385 ಐದರದು. 257ಕ್ಕೆ ಶೇಷ 2. ಉಳಿದದ್ದು 641.

4294ರಲ್ಲಿ 641 ಆರು ಸಲ, ಶೇಷ 448. 9 ಇಳಿಸಿದರೆ 4489. ಏಳು ಸಲ, ಶೇಷ 2. 6 ಇಳಿಸಿದೆ, 7 ಇಳಿಸಿದೆ, 2 ಇಳಿಸಿದೆ: 2672. ನಾಲ್ಕು ಸಲ, ಶೇಷ 108. 9 ಇಳಿಸಿ ಒಂದು ಸಲ, ಮತ್ತೆ ಅದೇ 448! 7 ಇಳಿಸಿದರೆ 4487, ಅಂದರೆ 641ರ ಏಳು ಪಟ್ಟು ಸರಿಯಾಗಿ. ಶೇಷ ಸೊನ್ನೆ.

ಭಾಗಲಬ್ಧ 67417 ಅಂತ ಬರೆದೆ. ತಾಳೆ ನೋಡಲು ಗುಣಿಸಿದರೆ ಕೊನೆಯಲ್ಲಿ 297 ಬಂತು, ಖುಷಿಯಾಯಿತು. ಎಡಕ್ಕೆ ನೋಡಿದರೆ ಮೊತ್ತ ನಾಲ್ಕು ಕೋಟಿ ಚಿಲ್ಲರೆ ಮಾತ್ರ. 26ಕ್ಕೂ 267ಕ್ಕೂ ಹಾಕಬೇಕಾದ ಸೊನ್ನೆ ನುಂಗಿಬಿಟ್ಟಿದ್ದೆ. ಮೂರನೇ ಕ್ಲಾಸಿನಲ್ಲಿ ಇದಕ್ಕೇ ಬೆರಳ ಗಂಟಿನ ಮೇಲೆ ಸ್ಕೇಲಿನ ಏಟು ತಿಂದವನು ನಾನು. ಸರಿಯಾದದ್ದು 6700417.

ಇದು ಇನ್ನೂ ಒಡೆಯುತ್ತದೆಯೇ? ವರ್ಗಮೂಲ 2588ರ ಆಸುಪಾಸು. ಅಷ್ಟರೊಳಗೆ 128ರ ಷರತ್ತಿಗೆ ಒಗ್ಗುವ ಅವಿಭಾಜ್ಯಗಳು ಐದೇ. ಮೂಲ ಸಂಖ್ಯೆಗೇ ಹೋಗದ 257 ಇದಕ್ಕೂ ಹೋಗದು. 641ಕ್ಕೆ ಶೇಷ 44. 769ಕ್ಕೆ 120. 1153ಕ್ಕೆ 334. 1409ಕ್ಕೆ ಬರುವ ಹೊತ್ತಿಗೆ ಕಾಫಿ ಆರಿ ಕೆನೆಗಟ್ಟಿತ್ತು. ಶೇಷ 622. ಅವಿಭಾಜ್ಯವೇ.